ಬಂಪರ್ ಪಾಲಿಶ್ ಮಾಡುವಾಗ ಬಣ್ಣ ಯಾಕೆ ಹೋಗುತ್ತದೆ: ಕಲೆ ನೋಡಿ ಕಾರಣ ಹುಡುಕುವ ಬಗೆ

ಕಾರವಾರದ ಕೋಡಿಬಾಗದಲ್ಲಿ ನನ್ನದೊಂದು ಚಿಕ್ಕ ಶೆಡ್ ಇದೆ. ಕಾರು ತೊಳೆದು ಪಾಲಿಶ್ ಮಾಡಿ ಕೊಡುವುದು ಕೆಲಸ. ಮಷೀನಿನ ತಿರುಗುವ ಪ್ಯಾಡಿಗೆ ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್ ಹಚ್ಚಿ ಗೀರು ತೆಗೆಯುತ್ತೇವೆ. ಹೊಸದಾಗಿ ಬಫಿಂಗ್ ಮಷೀನ್ ಕೊಂಡವರು ಆಗಾಗ ಫೋಟೋ ಕಳಿಸುತ್ತಾರೆ. ಬಾನೆಟ್ ಕನ್ನಡಿ ಹಾಗೆ ಹೊಳೆಯುತ್ತಿರುತ್ತದೆ. ಬಂಪರ್ ಮೂಲೆಯಲ್ಲಿ ಮಾತ್ರ ಉಗುರಿನಷ್ಟು ಬೂದು ಕಲೆ. "ಅದೇ ಮಷೀನ್, ಅದೇ ಕಾಂಪೌಂಡ್, ಅದೇ ಕೈ ಅಲ್ವಾ? ಇಲ್ಲಿ ಮಾತ್ರ ಯಾಕೆ ಹೀಗಾಯ್ತು?" ಅಂತ ಕೇಳುತ್ತಾರೆ.

ನನಗೆ ಇದು ಗೊತ್ತಾದದ್ದು ಭಾವನ ಕೆಂಪು ಕಾರಿನಲ್ಲಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದ ಕಾರು. ಬಂಪರ್ ತುಂಬ ಹುಳದ ಕಲೆ, ಜಲ್ಲಿಯ ಪೆಟ್ಟು. ಹೆಡ್‌ಲೈಟ್ ಕೆಳಗಿನ ಮೂಲೆಯಲ್ಲಿ ಒಂದು ಉದ್ದ ಗೀರು. ಅದೂ ಹೋಗಲಿ ಅಂತ ರೋಟರಿ ಮಷೀನನ್ನು ಅದೇ ಜಾಗದಲ್ಲಿ ಇನ್ನೂ ನಾಲ್ಕು ಸಲ ಎಳೆದೆ. ಹಳದಿ ಪ್ಯಾಡಿನ ಅಂಚಿನಲ್ಲಿ ತಿಳಿ ಗುಲಾಬಿ ಬಣ್ಣ ಕಂಡಿತು. ಕಾಂಪೌಂಡ್ ಬಿಳಿ, ಅದಕ್ಕೆ ಕಾರಿನ ಕೆಂಪು ಸೇರಿ ಗುಲಾಬಿ. ಅದು ತಲೆಗೆ ಹೋಗುವಷ್ಟರಲ್ಲಿ ಮಷೀನ್ ಇನ್ನೆರಡು ಸೆಕೆಂಡ್ ಓಡಿತ್ತು. ಒರೆಸಿ ನೋಡಿದೆ. ನಡುವೆ ಕಪ್ಪು ಚುಕ್ಕೆ. ಅದರ ಸುತ್ತ ಬೂದು ಬಳೆ. ಅದರ ಸುತ್ತ ಮಂಕು ಕೆಂಪಿನ ಬಳೆ. ಆಮೇಲೆ ಹೊಳೆಯುವ ಕೆಂಪು. ಕಪ್ಪು ಅಂದರೆ ಪ್ಲಾಸ್ಟಿಕ್, ಬೂದು ಅಂದರೆ ಪ್ರೈಮರ್, ಮಂಕು ಕೆಂಪು ಅಂದರೆ ಬೇಸ್ ಬಣ್ಣ, ಹೊಳೆಯುವುದು ಕ್ಲಿಯರ್ ಕೋಟ್. ಪೇಂಟರ್‌ಗಳು ಅದನ್ನೇ ಲ್ಯಾಕರ್ ಅನ್ನುತ್ತಾರೆ. ಬಂಪರ್‌ನ ಎಲ್ಲ ಪದರಗಳೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕಂಡವು.

ಆ ಬಳೆಗಳನ್ನು ನಾನು ತುಂಬ ಹೊತ್ತು ನೋಡುತ್ತ ಕೂತಿದ್ದೆ. ಹಾಳಾದ ಜಾಗ ತಾನು ಹೇಗೆ ಹಾಳಾಯಿತು ಅಂತ ತಾನೇ ಹೇಳುತ್ತದೆ. ಅದನ್ನು ಓದದೆ ಇನ್ನೊಂದು ಕಾಂಪೌಂಡ್ ತಂದು ಉಜ್ಜುವುದರಿಂದಲೇ ಚಿಕ್ಕ ಕಲೆ ದೊಡ್ಡದಾಗುವುದು.

ಪ್ಲಾಸ್ಟಿಕ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ

ಮನೆಯಲ್ಲಿ ಸ್ಟೀಲ್ ಸೌಟನ್ನು ಕುದಿಯುವ ಸಾರಿನಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಹಿಡಿ ಸುಡುತ್ತದೆ. ತೆಂಗಿನ ಚಿಪ್ಪಿನ ಸೌಟು ಸುಡುವುದಿಲ್ಲ. ಕಾರಿನಲ್ಲೂ ಇದೇ ಕತೆ. ಡೋರ್, ಬಾನೆಟ್ ಉಕ್ಕಿನದು. ಪ್ಯಾಡ್ ಉಜ್ಜಿ ಹುಟ್ಟಿಸಿದ ಬಿಸಿ ಕ್ಷಣದಲ್ಲಿ ಸುತ್ತಲಿನ ತಗಡಿಗೆ ಹರಡುತ್ತದೆ. ಬಂಪರ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್. ಮಿರರ್ ಕವರ್, ಸ್ಪಾಯ್ಲರ್ ಸಾಮಾನ್ಯವಾಗಿ ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್. ಉಕ್ಕು ಪಾಲಿಪ್ರೊಪಿಲೀನ್‌ಗಿಂತ ಸುಮಾರು 200 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ. ಪ್ಲಾಸ್ಟಿಕ್ ಮೇಲೆ ಹುಟ್ಟಿದ ಬಿಸಿಗೆ ಹೋಗಲು ದಾರಿ ಇಲ್ಲ. ಅದು ಲ್ಯಾಕರ್‌ನಲ್ಲೇ ನಿಂತು ಲ್ಯಾಕರನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಲ್ಯಾಕರ್ ಬೇಗ ಸವೆಯುತ್ತದೆ.

ಇಲ್ಲಿ ಕೈ ಕೂಡ ಮೋಸ ಮಾಡುತ್ತದೆ. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಡೋರ್ ಮತ್ತು ಬಂಪರ್ ಎರಡೂ 50 ಡಿಗ್ರಿ ಇವೆ ಅಂದುಕೊಳ್ಳಿ. ಮುಟ್ಟಿದರೆ ಡೋರ್ ಸುಡುತ್ತದೆ, ಬಂಪರ್ ಬೆಚ್ಚಗೆ ಅನಿಸುತ್ತದೆ ಅಷ್ಟೇ. ತಗಡು ತನ್ನ ಬಿಸಿಯನ್ನು ಬೆರಳಿಗೆ ಸರ್ರನೆ ಕೊಡುತ್ತದೆ, ಪ್ಲಾಸ್ಟಿಕ್ ಕೊಡುವುದಿಲ್ಲ. ಹಾಗಾಗಿ "ಮುಟ್ಟಿ ನೋಡಿದೆ, ಅಷ್ಟೇನೂ ಬಿಸಿ ಇರಲಿಲ್ಲ" ಅನ್ನುವ ಮಾತು ಬಂಪರ್ ವಿಷಯದಲ್ಲಿ ನಡೆಯುವುದಿಲ್ಲ. ಪಿಸ್ತೂಲಿನಂತೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಭಾಗ 45 ಡಿಗ್ರಿ ತೋರಿಸಿದರೆ ನಾನು ಮಷೀನ್ ಎತ್ತುತ್ತೇನೆ. 60ರ ಹತ್ತಿರ ಹೋಗಲು ಬಿಡುವುದೇ ಇಲ್ಲ.

ಇನ್ನೊಂದು ವಿಷಯ. ಕಾರಿನ ಬಾಡಿಗೆ ಕಾರ್ಖಾನೆಯಲ್ಲಿ ಬಣ್ಣ ಹೊಡೆದು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಬಂಪರನ್ನು ಅಷ್ಟು ಬಿಸಿಗೆ ಒಡ್ಡಿದರೆ ಆಕಾರ ಕೆಡುತ್ತದೆ. ಅದಕ್ಕೆ ಬೇರೆ ಬಗೆಯ ಬಣ್ಣ, ಸುಮಾರು 80 ಡಿಗ್ರಿಯ ಕಾವು. ಬಾಗಿದರೂ ಬಿರಿಯದ ಹಾಗೆ ಲ್ಯಾಕರನ್ನು ಸ್ವಲ್ಪ ಮೆದುವಾಗಿಯೇ ಇಡುತ್ತಾರೆ. ಕಣ್ಣಿಗೆ ಒಂದೇ ಕೆಂಪು, ಆದರೆ ಎರಡೂ ಬೇರೆ ಬೇರೆ ಬಣ್ಣ. ಬಾನೆಟ್ ಮೇಲೆ ಸರಿಹೋದ ಪ್ಯಾಡು, ಸ್ಪೀಡು ಬಂಪರ್‌ಗೂ ಸರಿ ಅಂತ ಲೆಕ್ಕ ಹಾಕಬೇಡಿ.

ದಪ್ಪ ಅಳೆಯೋಣ ಅಂದರೆ ಸಾಮಾನ್ಯ ಪೇಂಟ್ ಗೇಜ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್‌ಗೆ ಅಲ್ಟ್ರಾಸೋನಿಕ್ ಗೇಜ್ ಬೇಕು, ಅದು ದುಬಾರಿ. ನಮ್ಮಂಥ ಚಿಕ್ಕ ಶೆಡ್‌ಗಳಲ್ಲಿ ಇರುವುದಿಲ್ಲ. ಲ್ಯಾಕರ್ ಇರುವುದೇ ಸುಮಾರು 35ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು. ಅಂಚುಗಳಲ್ಲಿ ಅದಕ್ಕಿಂತಲೂ ಕಡಿಮೆ, ಯಾಕೆಂದರೆ ಹಸಿ ಬಣ್ಣ ಏಣಿನಿಂದ ಎರಡೂ ಕಡೆಗೆ ಜಾರುತ್ತದೆ.

ಬಳೆ ಇದೆಯೋ, ಮೆಟ್ಟಿಲು ಇದೆಯೋ

ಬಣ್ಣ ಹೋದ ಜಾಗ ಕಂಡ ಕೂಡಲೇ ನಾನು ಮೊದಲು ನೋಡುವುದು ಅಂಚನ್ನು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಭಾವನ ಕಾರಿನ ಹಾಗೆ ಒಂದರೊಳಗೊಂದು ಬಳೆ ಕಂಡರೆ ಅದು ಸವೆತ. ಪದರ ಪದರವಾಗಿ ಉಜ್ಜಿ ಹೋಗಿದೆ. ಉಗುರು ಎಳೆದರೆ ಎಲ್ಲೂ ಸಿಕ್ಕುವುದಿಲ್ಲ, ಇಳಿಜಾರಿನಲ್ಲಿ ಇಳಿದ ಹಾಗೆ ಜಾರುತ್ತದೆ. ಇದು ಮಷೀನ್ ಹಿಡಿದವರ ಕೈಯಿಂದ ಆದದ್ದು.

ಬಳೆ ಇಲ್ಲದೆ ಬಣ್ಣ ಒಂದೇ ಮೆಟ್ಟಿಲಿನಲ್ಲಿ ಕಡಿದು ನಿಂತಿದ್ದರೆ, ಕೆಳಗೆ ನುಣ್ಣನೆಯ ಕಪ್ಪು ಪ್ಲಾಸ್ಟಿಕ್ ಇದ್ದರೆ, ಅದು ಸವೆತ ಅಲ್ಲ. ಬಣ್ಣ ಹಿಡಿದಿರಲೇ ಇಲ್ಲ. ಪಾಲಿಪ್ರೊಪಿಲೀನ್‌ಗೆ ಯಾವುದೂ ಸುಲಭಕ್ಕೆ ಅಂಟುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಬೆಂಕಿಯ ಜ್ವಾಲೆ ಸವರಿಯೋ ಅಂಟು ಹಿಡಿಸುವ ಪ್ಲಾಸ್ಟಿಕ್ ಪ್ರೈಮರ್ ಹಚ್ಚಿಯೋ ಆಮೇಲೆ ಬಣ್ಣ ಹೊಡೆಯುತ್ತಾರೆ. ರಿಪೇಂಟ್ ಮಾಡುವಾಗ ಆ ಪ್ರೈಮರ್ ಬಿಟ್ಟರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಕುಮಟಾದಿಂದ ಒಬ್ಬರು ತಂದಿದ್ದ ಕಾರಿನ ಹಿಂದಿನ ಬಂಪರ್ ಹೀಗೇ ಆಗಿತ್ತು. ಎಲ್ಲೋ ಒಂದು ಕಡೆ ಬಣ್ಣ ಹೊಡೆಸಿದ್ದರಂತೆ. ನಾನು ಮಷೀನ್ ಮುಟ್ಟಿರಲೇ ಇಲ್ಲ, ತೊಳೆಯಲು ಪ್ರೆಷರ್ ನೀರು ಬಿಟ್ಟೆ ಅಷ್ಟೇ. ಒಂದು ಜಲ್ಲಿ ಪೆಟ್ಟಿನ ಬಾಯಿಂದ ನೀರು ಒಳನುಗ್ಗಿ ಅಂಗೈ ಅಗಲದ ಬಣ್ಣ ಹಾವಿನ ಪೊರೆ ಹಾಗೆ ಎದ್ದು ಬಂತು. ಪೊರೆಯನ್ನು ತಿರುಗಿಸಿ ನೋಡಿದೆ. ಹಿಂಬದಿ ಗಾಜಿನ ಹಾಗೆ ನುಣುಪು. ಪ್ಲಾಸ್ಟಿಕ್‌ನ ಒಂದು ಎಳೆಯನ್ನೂ ಅದು ಹಿಡಿದಿರಲಿಲ್ಲ.

ಇಂಥ ಬಂಪರ್ ಅಂತ ಮೊದಲೇ ಗೊತ್ತು ಮಾಡಿಕೊಳ್ಳಬಹುದು. ಬಂಪರ್‌ನ ಒಳಮಡಿಕೆಯಲ್ಲಿ ಬೆರಳಾಡಿಸಿ. ಮಾಸ್ಕಿಂಗ್ ಟೇಪಿನ ಗೆರೆ ಸಿಕ್ಕರೆ, ಫಾಗ್ ಲ್ಯಾಂಪಿನ ಸುತ್ತ ಬಣ್ಣದ ತುಂತುರು ಇದ್ದರೆ, ಲ್ಯಾಕರ್ ಒಳಗೆ ಧೂಳಿನ ಕಣ ಕಂಡರೆ ಅದು ರಿಪೇಂಟ್. ಜಲ್ಲಿ ಪೆಟ್ಟಿನ ಅಂಚನ್ನು ಲೆನ್ಸಿನಲ್ಲಿ ನೋಡಿ. ಅಂಚು ಸ್ವಲ್ಪ ಮೇಲಕ್ಕೆ ಎದ್ದಿದ್ದರೆ, ಸುತ್ತ ಬೆಳ್ಳಗೆ ಕಂಡರೆ ಅಲ್ಲಿಗೆ ಮಷೀನ್ ಬೇಡ. ಮಾಲೀಕರನ್ನು ಕರೆದು ತೋರಿಸಿ, ಫೋಟೋ ತೆಗೆದಿಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವ ಕಾರಿನ ಮುಂದಿನ ಬಂಪರ್‌ನಲ್ಲಿ ಇಂಥ ಪೆಟ್ಟುಗಳು ಇದ್ದೇ ಇರುತ್ತವೆ.

ಮಂಕು ಎಲ್ಲವೂ ಸುಟ್ಟದ್ದಲ್ಲ

ಪಾಲಿಶ್ ಆದ ಮೇಲೆ ಒಂದು ಜಾಗ ಮಂಜು ಕವಿದಂತೆ ಇದ್ದರೆ ತುಂಬ ಜನ ಬಣ್ಣ ಹೋಯಿತು ಅಂತ ಹೆದರುತ್ತಾರೆ. ಹೆಚ್ಚಿನ ಸಲ ಹೋಗಿರುವುದಿಲ್ಲ. ಮೆದು ಲ್ಯಾಕರ್ ಮೇಲೆ ಒರಟು ಪ್ಯಾಡ್ ಬಿಟ್ಟ ಸಣ್ಣ ಸಣ್ಣ ಗೀರುಗಳು ಅವು. ಮಂಕಿಗೆ ಗೆರೆ ಹೊಡೆದ ಹಾಗೆ ಗಡಿ ಇರುವುದಿಲ್ಲ, ಮೆಲ್ಲಗೆ ಕರಗಿಹೋಗುತ್ತದೆ. ಮೆದು ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್ ಹಾಕಿ ನಿಧಾನ ಎರಡು ಸಲ ಎಳೆದರೆ ಹೋಗುತ್ತದೆ.

ನೀರು ಚಿಮುಕಿಸಿ ನೋಡಿ, ಹೊಳೆದರೆ ಪರವಾಗಿಲ್ಲ ಅಂತ ಹೇಳುವವರಿದ್ದಾರೆ. ನಾನು ಅದನ್ನು ನಂಬುವುದಿಲ್ಲ. ಲ್ಯಾಕರ್ ಪೂರ್ತಿ ಹೋಗಿ ಬೇಸ್ ಬಣ್ಣ ಬಿಟ್ಟುಕೊಂಡಿದ್ದರೂ ನೀರು ಬಿದ್ದಾಗ ಹೊಳೆಯುತ್ತದೆ. ಅದಕ್ಕಿಂತ ಬಿಳಿ ಬಟ್ಟೆ ವಾಸಿ. ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಮಂಕು ಜಾಗವನ್ನು ಬೆರಳಿಂದ ಹಗುರಕ್ಕೆ ನಾಲ್ಕು ಸಲ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಲ್ಯಾಕರ್ ಇಲ್ಲ, ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಸಮಾಧಾನ. ಒಂದೇ ಎಚ್ಚರಿಕೆ: ಹಳೆಯ ಕಾರುಗಳ ಸಾದಾ ಬಣ್ಣಕ್ಕೆ, ಕೆಲವು ಅಗ್ಗದ ರಿಪೇಂಟ್‌ಗೆ ಲ್ಯಾಕರ್ ಇರುವುದೇ ಇಲ್ಲ. ಅಲ್ಲಿ ಬಟ್ಟೆಗೆ ಬಣ್ಣ ಹತ್ತುವುದು ಸಹಜ. ಹಾಗಾಗಿ ಈ ಪರೀಕ್ಷೆಯನ್ನು ಕೆಲಸ ಶುರು ಮಾಡುವ ಮೊದಲೇ ಬಂಪರ್ ಕೆಳಭಾಗದ ಕಾಣದ ಜಾಗದಲ್ಲಿ ಮಾಡಿಟ್ಟುಕೊಳ್ಳಿ.

ಬಿಸಿಯಿಂದಲೇ ಆದ ಹಾನಿ ಬೇರೆ ಥರ ಕಾಣುತ್ತದೆ. ಬಣ್ಣ ಹೋಗಿರುವುದಿಲ್ಲ, ಮೈ ಮಾತ್ರ ಕೆಟ್ಟಿರುತ್ತದೆ. ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ, ನೇರ ಗೆರೆ ಆ ಜಾಗದಲ್ಲಿ ನಡುಗಿದಂತೆ ಸೊಟ್ಟಗಾಗುತ್ತದೆ. ಪ್ಯಾಡ್ ಹೋದ ದಿಕ್ಕಿನಲ್ಲಿ ಎಳೆದ ಗುರುತು ಇರುತ್ತದೆ. ಕಾಂಪೌಂಡ್ ರಬ್ಬರಿನ ಚೂರಿನ ಹಾಗೆ ಅಂಟಿಕೊಂಡಿರುತ್ತದೆ. ಹೀಗೆ ಕಂಡರೆ ಬಿಸಿ ಇರುವಾಗಲೇ ಕೆರೆಯಬೇಡಿ, ತಣ್ಣೀರು ಸುರಿಯಬೇಡಿ. ಬಿಟ್ಟುಬಿಡಿ. ಮರುದಿನ ನೋಡಿ. ಸುಮ್ನೆ ಎಳೆದ ಗುರುತಾದರೆ ಮೆದು ಪ್ಯಾಡಿನಲ್ಲಿ ಸರಿಹೋಗುತ್ತದೆ. ಸುಕ್ಕು ಬಿದ್ದಿದ್ದರೆ ಪಾಲಿಶ್‌ನಿಂದ ಆಗುವುದಿಲ್ಲ, ಪೇಂಟರ್ ಹತ್ತಿರ ಹೋಗಬೇಕು.

ಪಾಲಿಶ್ ಆದ ದಿನ ಮಾಯವಾಗಿದ್ದ ಗೀರು ಎರಡು ತೊಳೆತದ ನಂತರ ಮತ್ತೆ ಕಂಡರೆ? ಅದು ಹಾನಿ ಅಲ್ಲ. ಕಾಂಪೌಂಡಿನ ಎಣ್ಣೆ ಗೀರನ್ನು ತುಂಬಿತ್ತು, ಈಗ ತೊಳೆದುಹೋಯಿತು. ಸಿಟ್ಟಿನಿಂದ ಇನ್ನಷ್ಟು ಉಜ್ಜಲು ಹೋಗುವವರೇ ಲ್ಯಾಕರ್ ಕಳೆದುಕೊಳ್ಳುವುದು.

ನಮ್ಮ ಕರಾವಳಿಯ ಮರಳು

ಇದು ಬೆಂಗಳೂರಿನ ವಿಡಿಯೋಗಳಲ್ಲಿ ಸಿಗುವುದಿಲ್ಲ. ಠಾಗೋರ್ ಕಡಲತೀರದ ಬದಿ ನಿಲ್ಲಿಸುವ ಕಾರು, ಗೋಕರ್ಣಕ್ಕೆ ಹೋಗಿ ಬಂದ ಕಾರು, ಎಷ್ಟೇ ತೊಳೆದರೂ ನಂಬರ್ ಪ್ಲೇಟ್ ಹಿಂದೆ, ಗ್ರಿಲ್ ಸಂದಿಯಲ್ಲಿ ಮರಳು ಉಳಿದಿರುತ್ತದೆ. ಬಂಪರ್ ತೆಳು. ಮಷೀನ್ ಇಟ್ಟ ಕೂಡಲೇ ಇಡೀ ಬಂಪರ್ ನಡುಗುತ್ತದೆ. ಸಂದಿಯ ಮರಳು ಉದುರಿ ನೇರ ಪ್ಯಾಡಿಗೆ ಬರುತ್ತದೆ. ನಂಬರ್ ಪ್ಲೇಟಿನ ಕೆಳಗೆ ಮಾತ್ರ, ಮೊದಲಿಲ್ಲದ ಸುರುಳಿ ಸುರುಳಿ ಆಳ ಗೀರುಗಳು ಬಿದ್ದಿವೆಯೇ? ಬೇರೆ ಕಾರಣ ಹುಡುಕಬೇಡಿ, ಪ್ಯಾಡನ್ನು ಬೆರಳಿಂದ ಒತ್ತಿ ನೋಡಿ. ಕಣ ಕೈಗೆ ಸಿಗುತ್ತದೆ. ಆ ಪ್ಯಾಡ್ ತೊಳೆಯುವವರೆಗೆ ಮತ್ತೆ ಕಾರಿಗೆ ಮುಟ್ಟಿಸಬೇಡಿ.

ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟಿಗೆ ಸ್ನ್ಯಾಪ್ ಲಾಕ್ ಇರುವುದರಿಂದ ಬಿಚ್ಚಲು ಬರುವುದಿಲ್ಲ. ನಾನು ಮೇಲಿನಿಂದ ತೆಳ್ಳಗೆ ನೀರು ಬಿಟ್ಟು, ಹಿಂದೆ ಗಾಳಿ ಊದಿ, ಒಣಗಿದ ಮೇಲೆ ಬಂಪರನ್ನು ಅಂಗೈಯಿಂದ ನಾಲ್ಕು ಸಲ ತಟ್ಟುತ್ತೇನೆ. ಉದುರುವುದು ಉದುರಲಿ. ಮತ್ತೆ ನೀರು. ಆಮೇಲೆ ಪ್ಲೇಟಿನ ಸುತ್ತ, ಗ್ರಿಲ್ ಸಂದಿಗೆ ಟೇಪ್. ಒಣಗಿದ ಉಪ್ಪು ಕೂಡ ಗೀರು ಹಾಕುತ್ತದೆ, ಆದರೆ ಅದು ನೀರಿಗೆ ಕರಗುತ್ತದೆ. ಒಣ ಬಟ್ಟೆಯಿಂದ ಒರೆಸಲೇಬೇಡಿ. ಒಣಗಿಸಿ ಉಜ್ಜಿದ ಪ್ಲಾಸ್ಟಿಕ್ ಧೂಳನ್ನು ಎಳೆದುಕೊಳ್ಳುವುದು ಬೇರೆ.

ನಾನು ಈಗ ಹೇಗೆ ಮಾಡುತ್ತೇನೆ

ಬಂಪರ್‌ಗೆ ರೋಟರಿ ಮುಟ್ಟಿಸುವುದನ್ನು ಬಿಟ್ಟಿದ್ದೇನೆ. ಅದು ಒಂದೇ ಅಚ್ಚಿನ ಮೇಲೆ ತಿರುಗಿ ಒಂದೇ ಜಾಗವನ್ನು ಕಾಯಿಸುತ್ತದೆ. ಡಿಎ (ಡ್ಯುಯಲ್ ಆ್ಯಕ್ಷನ್) ಮಷೀನ್ ತಿರುಗುತ್ತ ಅತ್ತಿತ್ತ ಓಲಾಡುತ್ತದೆ, ಬಿಸಿ ಹರಡುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದೇ ನಿಲ್ಲುತ್ತದೆ, ಅದೂ ಒಂದು ಕಾವಲು. ಆದರೆ ಡಿಎ ಇದ್ದರೆ ಏನೂ ಆಗುವುದಿಲ್ಲ ಅನ್ನುವ ಮಾತು ಸುಳ್ಳು. ಮೈಕ್ರೋಫೈಬರ್ ಪ್ಯಾಡ್ ಹಾಕಿ ಒಂದೇ ಏಣಿನ ಮೇಲೆ ನಿಂತರೆ ಡಿಎಯಲ್ಲೂ ಬಣ್ಣ ಹೋಗುತ್ತದೆ. ರೋಟರಿ ಒಂದೇ ಇದ್ದವರು ಮೆದು ಫೋಮ್ ಹಾಕಿ, ವೇಗ ನಿಮಿಷಕ್ಕೆ 1000 ಸುತ್ತು ದಾಟಿಸದೆ, ಸಪಾಟಾದ ಜಾಗದಲ್ಲಿ ಮಾತ್ರ ಬಳಸಿ. ಉಣ್ಣೆ ಪ್ಯಾಡ್ ಬೇಡವೇ ಬೇಡ.

ಮೊದಲು ಹೆಬ್ಬೆರಳಿನಿಂದ ಬಂಪರ್ ಉದ್ದಕ್ಕೂ ಒತ್ತಿ ನೋಡುತ್ತೇನೆ. ಹಿಂದೆ ಆಸರೆ ಇಲ್ಲದ ಕಡೆ ಅದು ಒಳಗೆ ಬಗ್ಗುತ್ತದೆ. ಅಲ್ಲಿ ಮಷೀನ್ ಒತ್ತಿದರೆ ನಡು ತಗ್ಗಿ, ಪ್ಯಾಡಿನ ಭಾರವೆಲ್ಲ ಸುತ್ತಲಿನ ಏಣಿಗೆ ಬೀಳುತ್ತದೆ. ಭಾವನ ಕಾರಿನಲ್ಲಿ ಆದದ್ದು ಇದೇ. ಗೀರು ಇದ್ದದ್ದು ಬಗ್ಗುವ ಜಾಗದಲ್ಲಿ, ಬಣ್ಣ ಹೋದದ್ದು ಅದರ ಪಕ್ಕದ ಏಣಿನಲ್ಲಿ. ಅಂಥ ಕಡೆ ಮಷೀನಿನ ತೂಕ ಕೂಡ ಪೂರ್ತಿ ಬೀಳದ ಹಾಗೆ ಕೈಯಲ್ಲಿ ಎತ್ತಿ ಹಿಡಿಯಬೇಕು.

ಏಣುಗಳ ಮೇಲೆ, ಅಂಚುಗಳ ಮೇಲೆ ತೆಳು ಮಾಸ್ಕಿಂಗ್ ಟೇಪ್ ಹಚ್ಚುತ್ತೇನೆ. ಟೇಪ್ ತೆಗೆದ ಮೇಲೆ ಆ ಪಟ್ಟಿಯನ್ನು ಕೈಯಲ್ಲೇ ಪಾಲಿಶ್ ಮಾಡುತ್ತೇನೆ. ಪ್ಯಾಡ್ 3 ಇಂಚಿನದು, ಸಪಾಟಾಗಿ ಹಿಡಿಯಬೇಕು, ಓರೆ ಮಾಡಬಾರದು. ಒಂದೂವರೆ ಗೇಣು ಜಾಗ, ಮಧ್ಯಮ ವೇಗ, ಎರಡು ಮೂರು ಸಲ ಎಳೆತ. ನಿಲ್ಲಿಸಿ, ಒರೆಸಿ, ಥರ್ಮಾಮೀಟರ್ ಹಿಡಿದು ನೋಡಿ. ಆಮೇಲೆ ಅದೇ ಜಾಗಕ್ಕೆ ಮರಳದೆ ಇನ್ನೊಂದು ತುದಿಗೆ ಹೋಗುತ್ತೇನೆ, ಅಷ್ಟರಲ್ಲಿ ಇದು ತಣ್ಣಗಾಗುತ್ತದೆ. ಪ್ರತಿ ಸಲ ಪ್ಯಾಡನ್ನು ಬ್ರಶ್ಶಿನಿಂದ ಉಜ್ಜಿ ಒಣಗಿದ ಕಾಂಪೌಂಡ್ ಉದುರಿಸಬೇಕು. ಫೋಮ್ ಕೂಡ ಬಿಸಿ ಹೀರಿಕೊಂಡು ಕೂತಿರುತ್ತದೆ. ಮೂರ್ನಾಲ್ಕು ಪ್ಯಾಡ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ.

ಉಗುರಿಗೆ ಸಿಕ್ಕುವ ಗೀರನ್ನು ನಾನು ಪೂರ್ತಿ ತೆಗೆಯುವುದಿಲ್ಲ. ಅದರ ತಳ ಮುಟ್ಟಬೇಕಾದರೆ ಸುತ್ತಲಿನ ಲ್ಯಾಕರ್ ಎಲ್ಲ ಅಷ್ಟು ಕೆಳಗಿಳಿಯಬೇಕು. ಇನ್ನು ಬೇರೆ ಗಾಡಿ ತಾಗಿ ಮೆತ್ತಿಕೊಂಡ ಬಿಳಿ, ಕಪ್ಪು ಗೆರೆಗಳು ಗೀರಿನ ಹಾಗೆ ಕಂಡರೂ ಗೀರಲ್ಲ. ಮೇಲೆ ಅಂಟಿದ ಬೇರೆ ಬಣ್ಣ ಅಥವಾ ರಬ್ಬರ್. ಬಟ್ಟೆ, ಪಾಲಿಶ್, ಬೆರಳು ಸಾಕು. ಮಿರರ್ ಕವರ್, ಡೋರ್ ಹ್ಯಾಂಡಲ್ ಕೂಡ ಕೈಯಲ್ಲೇ. ಬಣ್ಣ ಇಲ್ಲದ ಕಪ್ಪು ಪ್ಲಾಸ್ಟಿಕ್‌ಗೆ ಕಾಂಪೌಂಡ್ ತಾಗಿದರೆ ಬಿಳಿ ಕಲೆ ಕೂರುತ್ತದೆ, ಅದಕ್ಕೂ ಮೊದಲೇ ಟೇಪ್ ಹಾಕಿ. ಯಾವುದು ಪ್ಲಾಸ್ಟಿಕ್ ಅಂತ ಸಂಶಯ ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳ, ಫೆಂಡರ್ ಕೂಡ ಪ್ಲಾಸ್ಟಿಕ್.

ಬಿಸಿಲಿನಲ್ಲಿ ನಿಂತ ಕಾರನ್ನು ನೇರ ತಂದು ಶುರು ಮಾಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಪ್ಪು ಬಂಪರ್ ಮಷೀನ್ ಮುಟ್ಟುವ ಮೊದಲೇ 45 ಡಿಗ್ರಿ ದಾಟಿರುತ್ತದೆ. ನಾನು ಈ ಕೆಲಸ ಬೆಳಿಗ್ಗೆ ಬೇಗ ಮುಗಿಸುತ್ತೇನೆ.

ಬಣ್ಣ ಹೋಗಿಯೇ ಬಿಟ್ಟಿದ್ದರೆ

ಬಳೆ ಕಂಡ ಮೇಲೆ ಯಾವ ವ್ಯಾಕ್ಸ್ ಹಚ್ಚಿದರೂ ಬಣ್ಣ ಮರಳಿ ಬರುವುದಿಲ್ಲ. ಉಗುರಿನಷ್ಟು ಜಾಗ, ಕೆಳಗೆಲ್ಲೋ ಇದ್ದರೆ ಟಚಪ್ ಸಾಕು. ಕಣ್ಣಿಗೆ ಬೀಳುವ ಕಡೆ ಆದರೆ ರಿಪೇಂಟ್. ಪೇಂಟರ್ ಹತ್ತಿರ ಎರಡು ವಿಷಯ ಕೇಳಿ: ಪ್ಲಾಸ್ಟಿಕ್ ಬಿಟ್ಟುಕೊಂಡ ಜಾಗಕ್ಕೆ ಪ್ಲಾಸ್ಟಿಕ್ ಪ್ರೈಮರ್ ಹೊಡೆಯುತ್ತೀರಾ, ಲ್ಯಾಕರ್‌ಗೆ ಬಾಗುವ ಗುಣ ಕೊಡುವ ಫ್ಲೆಕ್ಸ್ ಸೇರಿಸುತ್ತೀರಾ. ಎರಡಕ್ಕೂ ಹೌದು ಅಂದರೆ ಕೊಡಿ. ಭಾವನ ಬಂಪರ್‌ಗೆ ಪೂರ್ತಿ ರಿಪೇಂಟ್ ಮಾಡಿಸಿದೆ, ಖರ್ಚು ನಾನೇ ಕೊಟ್ಟೆ.

ಹೊಸ ಬಣ್ಣವನ್ನು ಕೂಡಲೇ ಪಾಲಿಶ್ ಮಾಡಲು ಅವಸರ ಬೇಡ. ಬೇಯಿಸದೆ ಹಾಗೇ ಒಣಗಿಸಿದ ಲ್ಯಾಕರ್ ಒಳಗೆ ಥಿನ್ನರ್ ಇನ್ನೂ ಇರುತ್ತದೆ, ಬಿಸಿ ತಾಗಿದರೆ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ನಾನು ಒಂದು ತಿಂಗಳು ಬಿಡುತ್ತೇನೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಕಾರವಾರದ ಜೂನ್, ಜುಲೈನಲ್ಲಿ ಒಗೆದ ಟವೆಲೇ ಎರಡು ದಿನಕ್ಕೆ ಒಣಗುವುದಿಲ್ಲ. ಉಗುರನ್ನು ಕಾಣದ ಜಾಗದಲ್ಲಿ ಮೆಲ್ಲಗೆ ಒತ್ತಿ ನೋಡುತ್ತೇನೆ. ಗುರುತು ಬಿದ್ದರೆ ಇನ್ನೂ ಹಸಿ. ಜುಲೈನಲ್ಲಿ ಬಣ್ಣ ಹೊಡೆಸಿದ ಬಂಪರ್ ತಂದವರಿಗೆ ನಾನು ಹೇಳುವುದು ಒಂದೇ: ಚೌತಿ ಮುಗಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಬರೀ ನೀರಿನಲ್ಲಿ ತೊಳೆಯಿರಿ.